ಗೋಡೆಯ ಮೇಲಿನ ಯಜಮಾನರು

ಹೋದ ತಿಂಗಳು ಅಥಣಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ನನ್ನನ್ನು ಆಹ್ವಾನಿಸಿದ್ದರು, ಮಾತಾಡಲು ಆಹ್ವಾನಿಸಿರಲಿಲ್ಲ. ತಡವಾಗಿ ಬಂದ ಪುಢಾರಿಯೊಬ್ಬರಿಗೆ ಜಾಗ ಬೇಕೆಂದು, ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದರು. ಎಬ್ಬಿಸಿದವನು ನನ್ನ ಕೈಯಲ್ಲೇ ವ್ಯಾಕರಣ ಕಲಿತವನು. ಅದನ್ನೂ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು, ನನ್ನ ಕುರ್ಚಿಯಲ್ಲಿ ಕುಳಿತಿದ್ದ ಆ ಮನುಷ್ಯ ಎದ್ದು ಮೈಕಿನ ಮುಂದೆ ಆಡಿದ ಮಾತು: “ನಮ್ಮನ್ನಗಲಿದ ಈ ಮಹಾನ್ ಕಲಾವಿದರು ದೂರದರ್ಶನದಲ್ಲಿ ಒಂದೇ ಒಂದು ಮಾತನ್ನೂ ಆಡದೆ ಹೆಸರು ಗಳಿಸಿದವರು.” ಸಭೆ ಚಪ್ಪಾಳೆ ತಟ್ಟಿತು. ಮರುದಿನ ಪತ್ರಿಕೆಯ ಒಳಪುಟದಲ್ಲೂ ಅದೇ ಬಂತು. ಮಾತಿಲ್ಲದ ಪಾತ್ರಕ್ಕೆ ಹೆಸರಾದ ನಟ ನಿಧನ.

ಮಾತೊಂದನ್ನು ಬಿಟ್ಟರೆ ಬೇರೇನೂ ಇಲ್ಲದಿದ್ದ ಮನುಷ್ಯನ ಬಗ್ಗೆ ಹೀಗೆ ಬರೆದರು. ಇದನ್ನು ಹೀಗೇ ಬಿಟ್ಟರೆ ಇನ್ನು ಹತ್ತು ವರ್ಷಕ್ಕೆ ಇದೇ ಸತ್ಯವಾಗಿ ಕುಳಿತುಬಿಡುತ್ತದೆ ಎಂಬ ಭಯದಿಂದ ನಾನು ಬರೆಯಲು ಕುಳಿತಿದ್ದೇನೆ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಅವರು ನಟಿಸಿದ ಧಾರಾವಾಹಿಯ ಆರಂಭದಲ್ಲಿ ವಾರ ವಾರವೂ ಹೆಸರುಗಳು ಬರುತ್ತಿದ್ದವು. ದೀಪ ಹಿಡಿದವರ ಹೆಸರು ಬರುತ್ತಿತ್ತು, ಊಟ ಒದಗಿಸಿದವರ ಹೆಸರು ಬರುತ್ತಿತ್ತು. ಇವರದು ಬರಲಿಲ್ಲ. “ಮತ್ತು ಇತರರು” ಎಂಬುದರಲ್ಲಿ ಇವರು ಸೇರಿದ್ದರು. ಹೆಸರು ಹಾಕಬೇಕಾಗಿದ್ದವರು ಧಾರಾವಾಹಿ ಮಾಡಿದವರು. ಈಗ ನಾನು ಹಾಕಿದರೆ ಅವರ ತಪ್ಪನ್ನು ನಾನೇ ತಿದ್ದಿಕೊಟ್ಟಂತಾಗುತ್ತದೆ. ಅಷ್ಟು ಔದಾರ್ಯ ನನ್ನಲ್ಲಿಲ್ಲ. ಎದುರಿಗಿದ್ದಾಗ ನಾನು ಅವರನ್ನು “ತಮ್ಮಾ” ಎಂದು ಏಕವಚನದಲ್ಲೇ ಕರೆಯುತ್ತಿದ್ದೆ. ಇಲ್ಲಿ ಬಹುವಚನದಲ್ಲಿ ಬರೆಯುತ್ತೇನೆ. ಅವರಿಗೆ ಸಲ್ಲಬೇಕಾಗಿದ್ದ ಮರ್ಯಾದೆಯಲ್ಲಿ ನನ್ನ ಕೈಯಿಂದ ಆಗುವಷ್ಟು ಇದು.

ಮಹಾರಾಷ್ಟ್ರ ಗಡಿಯ ಉಗಾರ ಬುದ್ರುಕದಲ್ಲಿ ಅವರದು ಕಬ್ಬಿನ ಹೊಲವಿದ್ದ ಮನೆತನ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ಕಬ್ಬು ಕಾರ್ಖಾನೆಗೆ ಸಾಗಿ ಕೈ ಬಿಡುವಾದ ಮೇಲೆ ಊರ ಹವ್ಯಾಸಿ ಮಂಡಳಿ ನಾಟಕ ಆಡುತ್ತಿತ್ತು. ಪರದೆಯ ಸಂದಿಯಲ್ಲಿ ನಿಂತು, ಮರೆತವರಿಗೆ ಮಾತು ಹೇಳಿಕೊಡುವ ಪ್ರಾಂಪ್ಟರನ ಕೆಲಸ ನನ್ನದು. ಆದ್ದರಿಂದ ಅವರನ್ನು ನಾನು ಪ್ರೇಕ್ಷಕರಂತೆ ಎದುರಿನಿಂದ ನೋಡಿದವನಲ್ಲ, ಪಕ್ಕದಿಂದ ನೋಡಿದವನು. ಪಕ್ಕದಿಂದ ಕಾಣುತ್ತಿದ್ದದ್ದು ಹೆದರಿದ ಮನುಷ್ಯ. ರಂಗಕ್ಕೆ ಹೋಗುವ ಮುನ್ನ ಅವರ ಅಂಗೈ ಬಾವಿಯ ಹಗ್ಗದಷ್ಟು ತಣ್ಣಗಿರುತ್ತಿತ್ತು. ಬಾಯಿ ಒಣಗದಿರಲೆಂದು ಬೆಲ್ಲದ ಚೂರೊಂದನ್ನು ದವಡೆಯಲ್ಲಿ ಇಟ್ಟುಕೊಂಡು, ನನ್ನ ತೋಳು ಹಿಡಿದು ಕೇಳುತ್ತಿದ್ದರು:

“ಸರ, ಇವತ್ತ ಮಂದಿ ಮಾರಿ ಹೆಂಗ ಅದಾವ್ರಿ?”

“ಚಲೋ ಅದಾವ. ಹೋಗ.”

“ಅವ್ವ ಬಂದಾಳೇನ ನೋಡ್ರಿ.”

“ಬಂದಾಳೋ ಮಾರಾಯ. ಕಂಬದ ಬಾಜೂಕ ಕುಂತಾಳ. ಹೋಗ ನೀ.”

ಅವರ ತಾಯಿಯ ಕಣ್ಣುಗಳು ಆಗಲೇ ಮಂಜಾಗುತ್ತಿದ್ದವು. ಆಪರೇಷನ್ ಎಂದರೆ ಹೆದರಿ, ನೋಡಬೇಕಾದದ್ದನ್ನೆಲ್ಲ ನೋಡಿಯಾಗಿದೆ ಎಂದು ಹೇಳುತ್ತಿದ್ದ ಹೆಂಗಸು. ಆದರೂ ನಾಟಕಕ್ಕೆ ತಪ್ಪದೆ ಬಂದು, ಹೆಣ್ಣುಮಕ್ಕಳ ಕಡೆಯ ಕಂಬಕ್ಕೆ ಒರಗಿ, ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದ ಮೇಲೆಯೇ ಇವರು ಬೆಲ್ಲ ನುಂಗಿ ಒಳಗೆ ಕಾಲಿಡುತ್ತಿದ್ದದ್ದು.

ಅವರ ಮುಖದಲ್ಲಿ ಏನೂ ಇರಲಿಲ್ಲ. ಇದನ್ನು ಅವಮಾನಿಸಲು ಹೇಳುತ್ತಿಲ್ಲ. ಮುಂದಿನದೆಲ್ಲ ಅರ್ಥವಾಗಲು ಇದು ತಿಳಿದಿರಬೇಕು. ಗಂಭೀರವಾದ, ಅಗಲವಾದ, ತುಂಬು ಮೀಸೆಯ ಮುಖ. ಸಂತೆಯಲ್ಲಿ ಎದುರಾದರೆ ಪಂಚಾಯತಿಯ ಹಿರಿಯನೆಂದು ದಾರಿ ಬಿಡಬೇಕು, ಅಂಥದು. ಇದ್ದದ್ದೆಲ್ಲ ದನಿಯಲ್ಲಿ. ಮಾತಿನ ನಡುವೆ ಅದು ಒಮ್ಮೆ ಒಡೆಯುತ್ತಿತ್ತು, ಎಳೆ ಹುಡುಗನ ದನಿ ಒಡೆಯುವಂತೆ, ಮತ್ತು ಒಡೆದದ್ದು ತನಗೆ ಗೊತ್ತೇ ಇಲ್ಲವೆಂಬಂತೆ ಅವರು ಮುಂದೆ ಸಾಗುತ್ತಿದ್ದರು. ಅಷ್ಟು ದೊಡ್ಡ ಮುಖದಿಂದ ಅಷ್ಟು ಸಣ್ಣ ದನಿ ಜಾರಿ ಬೀಳುವಾಗ ನಗದವರನ್ನು ನಾನು ನೋಡಿಲ್ಲ. ಜುಗೂಳವೆಂಬ ಊರಿನಲ್ಲಿ ಆಡಿದಾಗ ಅವರಿಗೆ ಅಂಕವಿಡೀ ಮಂಚದ ಮೇಲೆ ಮಲಗಿ ಕೆಮ್ಮುವ ರೋಗಿಯ ಪಾತ್ರ. ಅವರು ಬರೀ ಕೆಮ್ಮಿನಲ್ಲೇ ಸೊಸೆಯನ್ನು ಬೈದರು, ಮಗನನ್ನು ಮನ್ನಿಸಿದರು, ಊಟ ಕೇಳಿದರು. ನಾಯಕನ ಮಾತು ಯಾರಿಗೂ ಕೇಳಿಸದೆ ಅವನು ಸಿಟ್ಟಾಗಿ ಒಳಗೆ ಹೋದ. ಪಾಲಬಾವಿಯಲ್ಲಿ ಜಿಪುಣ ಮಾವನಾಗಿ ಅವರು ಚಹಾಕ್ಕೆ ಕರೆದ ರೀತಿಯನ್ನು ಅಲ್ಲಿನವರು ಬಹಳ ದಿನ ಅಣಕಿಸುತ್ತಿದ್ದರು. ನಿಪ್ಪಾಣಿಯಲ್ಲಿ ಹವಾಲ್ದಾರನಾಗಿ ನಿಂತಾಗ, ಸಭೆಯ ಅರ್ಧ ಮಂದಿಗೆ ಕನ್ನಡದಲ್ಲೂ ಉಳಿದರ್ಧಕ್ಕೆ ಮರಾಠಿಯಲ್ಲೂ ಒಂದೇ ಬೈಗುಳವನ್ನು ಹಂಚಿದರು. ನನ್ನ ಪ್ರತಿಯಲ್ಲಿ ಅದು ಇರಲಿಲ್ಲ. ಆಮೇಲೆ ನಾನು ಆಕ್ಷೇಪಿಸಿದೆ.

“ಸರ, ಬೈಗಳಾ ತಿಳೀದಿದ್ರ ಪಾಪ ಅವರ ಬೇಜಾರ ಆಗ್ತಾರ್ರಿ” ಅಂದರು.

ಚಿಕ್ಕೋಡಿಯಲ್ಲಿ ನಾಟಕ ಸ್ಪರ್ಧೆ ಏರ್ಪಟ್ಟಾಗ, ತೀರ್ಪುಗಾರರಲ್ಲಿ ಬೆಂಗಳೂರಿನ ಒಬ್ಬ ಧಾರಾವಾಹಿ ನಿರ್ದೇಶಕರಿದ್ದರು. ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕದ್ದನ್ನು ಪರದೆಯ ಸಂದಿಯಿಂದ ನಾನು ನೋಡಿದ್ದೇನೆ. ಯಾವ ಮಾತಿಗೆ ನಕ್ಕರು ಎಂಬುದೂ ನೆನಪಿದೆ. ನಾಟಕ ಮುಗಿದ ಮೇಲೆ ಒಳಗೆ ಬಂದು ಇವರ ಕೈ ಹಿಡಿದುಕೊಂಡರು.

“ನಮ್ಮ ಹೊಸ ಧಾರಾವಾಹಿಯಲ್ಲಿ ಯಜಮಾನರ ಪಾತ್ರ ನಿಮಗೇ ಅಂತ ಬರೆದ ಹಾಗಿದೆ. ಕಥೆ ಶುರುವಾಗೋ ಹೊತ್ತಿಗೆ ಅವರು ತೀರಿಹೋಗಿರ್ತಾರೆ. ನೀವೇನೂ ಯೋಚನೆ ಮಾಡಬೇಡಿ, ಫ್ಲ್ಯಾಶ್‌ಬ್ಯಾಕ್ ಬೇಕಾದಷ್ಟಿದೆ.”

ಬಸ್ಸಿನಲ್ಲಿ ವಾಪಸು ಬರುವಾಗ ಇವರು ನನ್ನನ್ನು ಕೇಳಿದರು: “ಸರ, ಫ್ಲ್ಯಾಶ್‌ಬ್ಯಾಕ್ ಅಂದ್ರ ಏನ್ರಿ?”

“ಹಿಂದಿಂದ ನೆನಸಿಕೊಳ್ಳೂದು. ಮಕ್ಕಳು ಅಪ್ಪನ್ನ ನೆನಸತಾರ, ಆವಾಗ ನೀ ಬರತಿ.”

ಬಸ್ಸು ರಾಯಬಾಗ ದಾಟಿತು. ಆಮೇಲೆ, “ಅವರು ನೆನಸಲಿಲ್ಲಂದ್ರ?” ಅಂದರು.

ಮೊದಲ ಸಲ ಬೆಂಗಳೂರಿಗೆ ಹೋದಾಗ ಜರಿ ಪೇಟ ಸುತ್ತಿಸಿ, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸಿಬಿಟ್ಟರು. ನಗಬಾರದೆಂದು ಹೇಳಿದ್ದರಂತೆ. ಹೊರಡುವ ಹೊತ್ತಿಗೆ ಫೋಟೋ ಕಟ್ಟಿನಲ್ಲಿ ಕೂತು ಗೋಡೆಗೆ ಬಂದಿತ್ತು.

“ನಾ ಅಲ್ಲೇ ನಿಂತೇನ್ರಿ ಸರ. ನನ್ನ ಎದರಾನ ನನಗ ಗಂಧದ ಮಾಲಿ ಹಾಕಿದ್ರ. ಏನ್ ಮಾಡಬೇಕ ತಿಳೀಲಿಲ್ಲ. ಎಲ್ಲಾರೂ ಕೈ ಮುಗದ್ರ, ನಾನೂ ಮುಗದೆ.”

ಆಗ ಊರಲ್ಲಿ ಬಣ್ಣದ ಟಿವಿ ಇದ್ದದ್ದು ದ್ರಾಕ್ಷಿ ತೋಟದ ಸಾಹುಕಾರರ ಮನೆಯಲ್ಲಿ. ನಮ್ಮಲ್ಲಿ ಆಂಟೆನಾ ಸಹಜವಾಗಿ ಮಿರಜದ ಕಡೆಗೇ ಮುಖಮಾಡಿರುತ್ತಿತ್ತು. ಆ ಕಡೆಯಿಂದ ಮರಾಠಿ ಕಾರ್ಯಕ್ರಮ ಸ್ವಚ್ಛವಾಗಿ ಬರುತ್ತಿತ್ತು. ಕನ್ನಡ ನೋಡಬೇಕಾದರೆ ಒಬ್ಬರು ಮಾಳಿಗೆ ಹತ್ತಿ ಕಂಬವನ್ನು ಬೆಳಗಾವಿ ಕಡೆಗೆ ತಿರುಗಿಸಬೇಕು, ಒಬ್ಬರು ಅಂಗಳದಲ್ಲಿ ನಿಂತು “ಬಂತ, ಬಂತ, ಹೋತ” ಎಂದು ಕೂಗಬೇಕು. ಅಷ್ಟಾದ ಮೇಲೂ ಚಿತ್ರದ ಮೇಲೆ ಸದಾ ಚುಕ್ಕಿ ಸುರಿಯುತ್ತಿರುತ್ತಿತ್ತು. ಮೊದಲ ಕಂತಿನ ಸಂಜೆ ಊರೇ ಅಲ್ಲಿ ನೆರೆಯಿತು. ಆ ಚುಕ್ಕಿಗಳ ನಡುವೆ ದೊಡ್ಡ ಮನೆ, ಅಳುವ ಹೆಂಗಸರು, ಆಸ್ತಿಗೆ ಜಗಳವಾಡುವ ಗಂಡುಮಕ್ಕಳು, ಅವರೆಲ್ಲರ ತಲೆಯ ಮೇಲೆ ಗೋಡೆಯಲ್ಲಿ ಮಾಲೆ ಹಾಕಿಸಿಕೊಂಡ ನಮ್ಮವರು. ಗಂಡಸರು ಶಿಳ್ಳೆ ಹಾಕಿದರು. ಹೆಂಗಸರ ಕಡೆ ಯಾರೂ ಉಸಿರೆತ್ತಲಿಲ್ಲ.

ಕಣ್ಣು ಕಾಣದ ತಾಯಿಗೆ ನೆರೆಮನೆಯಾಕೆ ಕಂಡದ್ದನ್ನು ಕಂಡಹಾಗೆ ಹೇಳಿಬಿಟ್ಟಳು. ಜೀವಂತ ಇರುವವರ ಫೋಟೋಕ್ಕೆ ಮಾಲೆ ಹಾಕುವುದನ್ನು ನಮ್ಮ ಕಡೆ ತಮಾಷೆಗೂ ಸಹಿಸುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ತಾಯಿ ಮಗನ ಮಣಿಕಟ್ಟು ಹಿಡಿದು ಕುಳಿತಿದ್ದರು.

“ಅದು ನಾಟಕ ಬೇ” ಎನ್ನುತ್ತಿದ್ದರು ಇವರು.

“ನಾಟಕದಾಗ ನೀ ಸತ್ತದ್ದ ನಾ ಎಷ್ಟ ಸಲ ನೋಡಿಲ್ಲ. ಪಡದೆ ಬಿದ್ದ ಕೂಡಲೆ ಒಳಗ ಎದ್ದ ಮಾತಾಡತಿದ್ದಿ, ನನಗ ಕೇಳತಿತ್ತ. ಇದರಾಗ ಎಲ್ಲಿ ಏಳತಿ?”

“ಏಳತೀನ್ಯವ್ವಾ. ಫ್ಲ್ಯಾಶ್‌ಬ್ಯಾಕಿನ್ಯಾಗ ಏಳತೀನಿ. ಸರ್ನ ಕೇಳ ಬೇಕಾರ.”

ತಾಯಿ ನನ್ನ ಕಡೆ ಮುಖ ತಿರುಗಿಸಿದರು. “ಮಾಸ್ತರ್ರ, ಮಾಲಿ ಎಲ್ಲಿ ಹಾಕ್ಯಾರೋ ಅಲ್ಲಿಂದನ ಇವ ಒಂದ ಮಾತ ಆಡ್ಲಿ. ನಾ ನನ್ನ ಕಿವೀಲೆ ಕೇಳತೀನಿ. ಅಲ್ಲೀತನಕ ನನಗ ಅನ್ನ ಒಳಗ ಹೋಗೂದಿಲ್ರಿ.”

ಪೂರ್ತಿ ಊಟ ಬಿಡಲಿಲ್ಲ, ನಿಜ. ಆದರೆ ಧಾರಾವಾಹಿ ಬರುವ ದಿನ ಬೆಳಗಿನಿಂದ ಏನನ್ನೂ ಮುಟ್ಟುತ್ತಿರಲಿಲ್ಲ. ಸಂಜೆ ಸೊಸೆಯ, ಅಂದರೆ ಇವರ ಹೆಂಡತಿಯ, ಕೈ ಹಿಡಿದುಕೊಂಡು ಸಾಹುಕಾರರ ಮನೆಗೆ ಬಂದು, ಟಿವಿಗೆ ಕಿವಿ ಕೊಟ್ಟು, ಕಂತು ಮುಗಿಯುವ ತನಕ ಮಗನ ಮಣಿಕಟ್ಟನ್ನು ಬಿಡದೆ ಕುಳಿತಿರುತ್ತಿದ್ದರು. “ಮಾತಾಡಿದ್ಯೇನ?” ಎಂದು ನಡುನಡುವೆ ಪಿಸುಗುಡುತ್ತಿದ್ದರು. “ಇನ್ನ ಇಲ್ಲ ಬೇ” ಎನ್ನುತ್ತಿದ್ದರು ಇವರು. ಕಂತು ಮುಗಿದ ಮೇಲೂ ಕೂಡಲೇ ಏಳುತ್ತಿರಲಿಲ್ಲ. ಮಗನ ಮುಖವನ್ನು, ಕೊರಳನ್ನು ಮುಟ್ಟಿ ನೋಡಿ ಏಳುತ್ತಿದ್ದರು. ವಾರ ವಾರಕ್ಕೆ ಆಕೆ ಇಳಿಯುತ್ತ ಹೋದದ್ದು ಎಲ್ಲರಿಗೂ ಕಾಣುತ್ತಿತ್ತು.

ಊರು ಮಾತ್ರ ಇದನ್ನು ಮಜವೆಂದು ತೆಗೆದುಕೊಂಡಿತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವರಿಗೆ ಹೊಸ ಹೆಸರೇ ಬಿತ್ತು.

“ಏನ್ರಿ ಯಜಮಾನ್ರ, ಇವತ್ತ ಮೊಳಿಂದ ಇಳದ ಬಂದ್ರಿ?”

“ಚಾ ಕುಡ್ಯಾಕ ಇಳದೀನ್ರಪಾ. ಊದಿನಕಡ್ಡಿ ಹೊಗಿ ಕುಡದ ಕುಡದ ಸಾಕಾಗೈತಿ.”

“ಮತ್ತ ಆಸ್ತಿ ಯಾರ ಹೆಸರಿಗಿ ಮಾಡಿ ಹೋಗೀರಿ, ಅದನ್ನರ ಹೇಳ್ರಿ.”

“ಹೇಳಾಕ ಬಾಯಿ ಕೊಟ್ಟಿಲ್ಲೋ ಅವರಿನ್ನ.”

ನಗಿಸಿ, ನಕ್ಕು, ಹೊರಗೆ ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತರೆ ಅದೇ ತಣ್ಣನೆಯ ಅಂಗೈ. “ಸರ, ಅವ್ವ ಮುಂಜಾನಿಂದ ನೀರೂ ಕುಡದಿಲ್ರಿ.”

ಸಾಹುಕಾರರ ವಿಷಯ. ಅವರು ಈಗಿಲ್ಲ, ಇಲ್ಲವೆಂಬ ಕಾರಣಕ್ಕೆ ನಾನು ಮರೆಯತಕ್ಕದ್ದೂ ಇಲ್ಲ. ಒಂದು ಸಂಜೆ ಕಂತು ಅರ್ಧಕ್ಕೆ ಬಂದಿತ್ತು. ಒಳಗಿನಿಂದ ಬಂದವರೇ ತಾಂಬೂಲ ಜಗಿಯುತ್ತ ಅಂದರು: “ಅಲ್ಲೋ, ಒಂದ ಫೋಟೋ ನೋಡಾಕ ಇಷ್ಟ ಮಂದಿ ಯಾಕ್ ಕೂಡತೀರಿ? ನಿಮ್ಮ ಮನಿ ಗ್ವಾಡಿಗಿ ಫೋಟೋ ಇಲ್ಲೇನ? ಮರಾಠಿ ನಾಟಕ ಚಾಲೂ ಆಗೈತಿ. ಏ, ಆಂಟೆನಾ ಮಿರ್ಜಿ ಕಡೆ ತಿರಗಸ್ರಿ.” ಕಂಬ ತಿರುಗಿತು. ತಾಯಿ, “ಯಾಕ ಮರಾಠಿ ಬರಾಕತ್ತೈತಿ? ಇವನ ಮಾತ ಬಂದ ಹೋತೇನ?” ಎಂದು ಕೇಳುತ್ತಲೇ ಇದ್ದರು. ಇವರು ತಾಯಿಯನ್ನು ಎಬ್ಬಿಸಿ ಕರೆದುಕೊಂಡು ಹೋದರು. ಮುಂದಿನ ವಾರದೊಳಗೆ ನಾನು ಮಿರಜಕ್ಕೆ ಹೋಗಿ ಕಪ್ಪು-ಬಿಳುಪು ಟಿವಿ ತಂದೆ. ಆಂಟೆನಾವನ್ನು ಬೆಳಗಾವಿ ಕಡೆಗೆ ತಿರುಗಿಸಿ, ತಂತಿಯಿಂದ ಬಿಗಿದು, ಗಂಟು ಹಾಕಿದೆ. ನನ್ನ ಮನೆಯಲ್ಲಿ ಮರಾಠಿ ಕಾರ್ಯಕ್ರಮ ನೋಡಬೇಕೆಂಬ ಆಸೆ ನನ್ನ ಹೆಂಡತಿಗಿತ್ತು. ಆಕೆ ಅದನ್ನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಷ್ಟರಲ್ಲಿ ಧಾರಾವಾಹಿಯ ಕಥೆ ಬೇರೆ ದಾರಿ ಹಿಡಿದಿತ್ತು. ಮಕ್ಕಳು ಅಪ್ಪನನ್ನು ನೆನೆಯುವುದನ್ನೇ ಬಿಟ್ಟಿದ್ದರು. ಒಂದು ವಾರ ಕಪಾಟು ಅಡ್ಡ ಬಂದು ಫೋಟೋದ ಪೇಟವಷ್ಟೇ ಕಂಡಿತು. ಇನ್ನೊಂದು ವಾರ ಅದೂ ಕಾಣಲಿಲ್ಲ.

“ನನ್ನ ತಗದಾರೇನ್ರಿ ಸರ?”

“ಇಲ್ಲೋ. ಕ್ಯಾಮರಾ ಆ ಕಡೆ ಹೋಗಿಲ್ಲ ಅಷ್ಟ.”

“ಹಿರೇ ಮಗ ಮನಿ ಮಾರೂ ಮಾತ ತಗದಾನ, ನೋಡಿದ್ರಿಲ್ಲೋ? ಮನಿ ಮಾರಿದ್ರ ಗ್ವಾಡಿ ಹೋತು. ಗ್ವಾಡಿ ಹೋದ್ರ ನಾ ಎಲ್ಲಿ ನಿಲ್ಲಲಿ?”

ನಾನು ನಿರ್ದೇಶಕರಿಗೆ ಎರಡು ಸಲ ಬರೆದೆ. ಸೌಜನ್ಯ ಮೀರದೆ, ತಾಯಿಯ ಸ್ಥಿತಿಯನ್ನೂ ವಿವರಿಸಿ. ಉತ್ತರ ಬರಲಿಲ್ಲ. ಕೊನೆಗೆ ಒಂದು ದಿನ ಕಾರ್ಖಾನೆಯ ಆಫೀಸಿಗೆ ಫೋನು ಬಂತು: ಈ ವಾರದೊಳಗೆ ಹೊರಟು ಬರಬೇಕು, ಒಂದು ದೃಶ್ಯವಿದೆ. ಮಾತುಗಳನ್ನು ಫೋನಿನಲ್ಲೇ ಹೇಳಿದರಂತೆ. ಸೊಸೆಯ ಅಡುಗೆಯನ್ನು ಮೆಚ್ಚುವ ಮುದುಕ, ಊಟಕ್ಕೆ ಕುಳಿತು ಮಕ್ಕಳಿಗೆ ಹೇಳುವ ಮಾತು. ಅದನ್ನು ಅವರು ಹೊಲದಲ್ಲಿ, ಬಾವಿಕಟ್ಟೆಯಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ ಆಡಿ ಆಡಿ ನೋಡಿದರು. ಸೊಸೆಯ ಮಾತನ್ನು ಒಲೆಯ ಮುಂದಿನಿಂದ ಅವರ ಹೆಂಡತಿ ಆಡುತ್ತಿದ್ದರು. ನಾನು ಪ್ರತಿ ಹಿಡಿಯದೆ ಪ್ರಾಂಪ್ಟ್ ಮಾಡಿದ ಏಕೈಕ ಪಾತ್ರ ಅದು.

ಬೆಂಗಳೂರಿಗೆ ಹೊರಟ ಮೂರನೆಯ ದಿನ ಬಸ್ಸಿಳಿದವರು ನೇರ ನನ್ನ ಮನೆಗೆ ಬಂದರು. ಅಂಥ ಮುಖವನ್ನು ನಾನು ಅವರಲ್ಲಿ ಮೊದಲು ನೋಡಿರಲಿಲ್ಲ.

“ಮಾತಾಡಿದೆ ಸರ. ನಮ್ಮ ಮಾತಿನ್ಯಾಗನ ಆಡಲೇನ್ರಿ ಅಂತ ಕೇಳಿದೆ, ಆಡ್ರಿ ಅಂದ್ರ. ಪೂರಾ ಆಡಿದೆ. ಲೈಟ್ ಹಿಡಿದಾವ್ರೂ ನಕ್ಕರು. ಬಾಳ ಶೆಕಿ ಅಲ್ಲಿ, ಲೈಟಿಂದು. ಬೆವತ ನೀರಾಗಿದ್ದೆ.”

ಅದು ಬರುವ ಸಂಜೆ ನನ್ನ ಮನೆಯ ಪಡಸಾಲೆ ತುಂಬಿ, ಮಂದಿ ಅಂಗಳದಲ್ಲೂ ನಿಂತಿದ್ದರು. ಮಧ್ಯಾಹ್ನದಿಂದ ಎರಡು ಸಲ ಕರೆಂಟು ಹೋಗಿ ಬಂದಿತ್ತು. ನಾನು ಆಂಟೆನಾದ ಗಂಟನ್ನು ಮುಟ್ಟಿ ನೋಡಿ ಇಳಿದೆ, ಮತ್ತೆ ಹತ್ತಿದೆ. ತಾಯಿಯನ್ನು ಟಿವಿಗೆ ತೀರ ಹತ್ತಿರ, ಚಾಪೆಯ ಮೇಲೆ ಕೂರಿಸಿದ್ದರು. ಇವರು ಪಕ್ಕದಲ್ಲಿದ್ದರು, ದವಡೆ ಉಬ್ಬಿತ್ತು. ಬೆಲ್ಲ. ಹೆಸರುಗಳು ಸರಿದವು. ಜಗಳವಾಯಿತು, ಜಾಹೀರಾತು ಬಂತು, ಮತ್ತೆ ಜಗಳವಾಯಿತು. ಕೊನೆಗೆ ಸೊಸೆ ಫೋಟೋದ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಚಿತ್ರ ಕಲಕಿತು. ನಮ್ಮವರು ಮಾಲೆಯಿಲ್ಲದೆ, ಪೇಟವಿಲ್ಲದೆ, ಊಟದ ಮಣೆಯ ಮೇಲೆ ಕುಳಿತಿದ್ದರು. ಪಡಸಾಲೆಯಲ್ಲಿ ಒಂದು ಅಲೆ ಎದ್ದು ಕೂಡಲೇ ಅಡಗಿತು.

“ಬಂದಾರ ಬೇ” ಎಂದರು ಇವರ ಹೆಂಡತಿ, ಅತ್ತೆಯ ಕಿವಿಯಲ್ಲಿ. ತಾಯಿ ಕೆಮ್ಮಿದರು.

ತೆರೆಯ ಮೇಲೆ ಅವರ ಬಾಯಿ ತೆರೆಯಿತು. ಬಂದ ದನಿ ಬೇರೆಯವನದು.

ದಪ್ಪನೆಯ, ಒಳ್ಳೆಯ, ಎಣ್ಣೆ ಹಚ್ಚಿದಂಥ ದನಿ. ರೇಡಿಯೋದಲ್ಲಿ ಸುದ್ದಿ ಓದುವವರಂತೆ ಅದು ಹೇಳುತ್ತಿತ್ತು: “ಮಕ್ಕಳೇ, ನಿಮ್ಮ ತಾಯಿ ಇದ್ದಾಗಲೂ ಇಂಥ ಊಟ ನನಗೆ ದೊರಕಿರಲಿಲ್ಲ.” ತುಟಿಗಳು ಒಂದನ್ನು ಆಡುತ್ತಿದ್ದವು, ದನಿ ಇನ್ನೊಂದನ್ನು. ಅವರ ದನಿ ಒಡೆಯುವ ಜಾಗ ಬಂತು. ತುಟಿ ಒಡೆಯಿತು, ದನಿ ಗಂಭೀರವಾಗಿ ಸಾಗಿತು. ಯಾರೂ ನಗಲಿಲ್ಲ.

“ಇದ ಯಾರ?” ಎಂದರು ತಾಯಿ.

ಪಡಸಾಲೆಯ ಮಂದಿ ಇವರ ಕಡೆ ತಿರುಗಿದರು.

“ಇವ ಯಾರ ಮಾತಾಡಾಕತ್ತಾನ? ನನ್ನ ಮಗ ಎಲ್ಲಿ ಹೋದ?” ಆಕೆಯ ಕೈ ಪಕ್ಕದಲ್ಲಿ ಮಣಿಕಟ್ಟನ್ನು ಹುಡುಕಿತು. ಅಲ್ಲಿ ಇರಲಿಲ್ಲ.

ಇವರು ಎದ್ದು ನಿಂತಿದ್ದರು. ಟಿವಿ ಬಂದ್ ಮಾಡುತ್ತಾರೆಂದು ನಾನು ತಿಳಿದೆ; ಮಾಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅವರು ದನಿಯ ಗುಂಡಿಯನ್ನು ಮಾತ್ರ, ದನಿ ಪೂರ್ತಿ ಅಡಗುವವರೆಗೆ ತಿರುಗಿಸಿದರು. ಆಮೇಲೆ ಟಿವಿಯ ಪಕ್ಕದಲ್ಲಿ, ಅದಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತು, ಬೆಲ್ಲ ನುಂಗಿದರು. ಮತ್ತು ಮುಂದಿನ ಮಾತನ್ನು ತಾವೇ ಆಡಿದರು.

“ನಾ ಹ್ವಾದ ಮ್ಯಾಲ ನನ್ನ ಫೋಟೋ ದೇವ್ರ ಮನಿಗಿ ಹಾಕಬ್ಯಾಡ್ರಪಾ. ಅಡಗಿ ಮನಿ ಕಡೆ ಮಾರಿ ಮಾಡಿ ಹಾಕ್ರಿ. ತಿನ್ನಾಕ ಆಗದಿದ್ರೂ ವಾಸ್ನಿ ಆದ್ರೂ ಬರ್ಲಿ.”

ನಾನು ತೆರೆಯ ಮೇಲಿನ ತುಟಿಗಳನ್ನೇ ನೋಡುತ್ತಿದ್ದೆ. ಒಂದು ಅಕ್ಷರ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಆ ತುಟಿಗಳು ಆಡಿದ್ದೇ ಈ ಮಾತನ್ನು. ತಮ್ಮ ಚಿತ್ರ ಅವರಿಗೆ ಕಾಣುತ್ತಿರಲಿಲ್ಲ, ಆದರೂ ಎಲ್ಲಿ ತುತ್ತು ನುಂಗಿದ್ದರೋ ಅಲ್ಲೇ ನಿಂತರು, ಎಲ್ಲಿ ದನಿ ಒಡೆದಿತ್ತೋ ಅಲ್ಲೇ ಒಡೆದರು. ಪಡಸಾಲೆಯಲ್ಲಿ ನಗು ಶುರುವಾಗಿ ಅಂಗಳಕ್ಕೆ ಹರಿಯಿತು. ತೆರೆಯ ಮೇಲೆ ಸೊಸೆಯ ಪಾತ್ರಧಾರಿ ಶಬ್ದವಿಲ್ಲದೆ ಬಾಯಿ ಆಡಿಸಿದಳು. ಆಕೆಯ ಮಾತು ಖಾಲಿಯಾಗಿಯೇ ಹೋಗುತ್ತದೆಂದುಕೊಂಡೆ. ಆಗ ಅತ್ತೆಯ ಹಿಂದಿನಿಂದ, ಒಲೆಯ ಮುಂದೆ ಹೇಳಿ ರೂಢಿಯಾದ ದನಿಯಲ್ಲಿ, ಅವರ ಹೆಂಡತಿ ಕೇಳಿದರು:

“ಬಂತೇನ್ರಿ ವಾಸ್ನಿ?”

“ಬಂತ, ಬಂತ. ಉಪ್ಪ ಒಂಚೂರ ಕಡಿಮಿ ಆಗೈತಿ.”

ಚಿತ್ರ ಮತ್ತೆ ಕಲಕಿ ಫೋಟೋ ಬಂತು, ಮಾಲೆ ಬಂತು. ಮಂದಿ ಇನ್ನೂ ನಗುತ್ತಿದ್ದರು. ತಾಯಿ ನಗಲಿಲ್ಲ. ಚಾಪೆಯ ಮೇಲಿಂದ ಕೈ ಚಾಚಿ, ದನಿ ಬಂದ ಕಡೆಗೆ ತೆವಳಿ, ಮಗನ ಮುಖವನ್ನು ಮುಟ್ಟಿದರು. ಹಣೆ, ಮೀಸೆ, ಕೊರಳು.

“ಎಲ್ಲಿ ಕುಂತ ಮಾತಾಡಿದಿ?”

“ಒಳಗ ಕುಂತಿದ್ನ್ಯವ್ವಾ.”

ಆಕೆ ಸೆರಗಿನಿಂದ ಅವರ ಹಣೆ ಒರೆಸಿದರು. “ಲೈಟ ಬಾಳ ಇರಬೇಕ ಒಳಗ. ಬೆವತಿ.”

“ಹೌದ್ ಬೇ. ಬಾಳ ಶೆಕಿ.”

“ನಡಿ ಮನಿಗಿ. ಹಸದೀನಿ.”

ಆಕೆ ನಂಬಿದರೋ, ಮಗನ ನಾಟಕದಲ್ಲಿ ತಾವೂ ಒಂದು ಪಾತ್ರ ಮಾಡಿದರೋ, ಈ ಹೊತ್ತಿಗೂ ನನಗೆ ತಿಳಿದಿಲ್ಲ. ಅವತ್ತು ಊಟ ಮಾಡಿದರು. ಮುಂದಿನ ವಾರದಿಂದ ಉಪವಾಸವನ್ನೂ ಬಿಟ್ಟರು, ಧಾರಾವಾಹಿಯನ್ನೂ ಬಿಟ್ಟರು. ಕಥೆಯಲ್ಲಿ ಮನೆ ಮಾರಾಟವಾಗಿ ಗೋಡೆ ಹೋಯಿತೆಂದು ಆಮೇಲೆ ಯಾರೋ ಹೇಳಿದರು. ಬೆಂಗಳೂರಿನಿಂದ ಮತ್ತೆ ಫೋನು ಬರಲಿಲ್ಲ. ಮನೆಮನೆಗೂ ಟಿವಿ ಬಂದ ಮೇಲೆ ಮಂಡಳಿಯ ನಾಟಕಕ್ಕೆ ಮಂದಿಯೂ ಬರಲಿಲ್ಲ.

ಕೆಲವು ವರ್ಷಗಳ ನಂತರ ಬೆಳಗಾವಿಯ ಒಂದು ಸಮಾರಂಭದಲ್ಲಿ ಆ ನಿರ್ದೇಶಕರು ಸಿಕ್ಕರು. ನಾನು ಪರಿಚಯ ಹೇಳಿ, ಇವರ ಹೆಸರು ಹೇಳಿದೆ. ನೆನಪಾಗಲಿಲ್ಲ. ಪಾತ್ರ ಹೇಳಿದೆ.

“ಓ, ಆ ಫೋಟೋನಾ” ಎಂದರು. ದನಿಯ ಬಗ್ಗೆ ಕೇಳಿದ್ದಕ್ಕೆ, “ಅವರ ಭಾಷೆ ಸ್ವಲ್ಪ ಒರಟಲ್ವಾ ಸಾರ್. ನಮ್ಮ ಕಡೆ ಜನಕ್ಕೆ ಅರ್ಥ ಆಗ್ತಿರಲಿಲ್ಲ.”

“ಚಿಕ್ಕೋಡಿಯಲ್ಲಿ ತಾವು ಕಣ್ಣೊರೆಸಿಕೊಂಡು ನಕ್ಕದ್ದು ಯಾವ ಭಾಷೆಗೆ?” ಎಂದು ಕೇಳಿದೆ. ಅವರು ಗಡಿಯಾರ ನೋಡಿಕೊಂಡರು.

ತಾಯಿ ಹೋದರು. ಈಗ ಇವರೂ ಹೋದರು. ಅಥಣಿಯ ಸಭೆ ಮುಗಿಸಿ ನಾನು ಉಗಾರಕ್ಕೆ ಬಂದಾಗ, ಸಭೆಯ ದೊಡ್ಡ ಹೂಮಾಲೆಯನ್ನು ಸಂಘಟಕರು ನನ್ನ ಕೈಯಲ್ಲೇ ಮನೆಗೆ ಕಳಿಸಿದ್ದರು. ಮಾತಾಡಲು ಬೇಡವಾದವನು ಹೊರಲು ಬೇಕಾಗಿದ್ದ. ಅವರ ಹೆಂಡತಿ ಮಾಲೆಯನ್ನು ಇಸಿದುಕೊಂಡು ಹಿತ್ತಲಿಗೆ ನಡೆದು ಎಮ್ಮೆಯ ಮುಂದೆ ಹಾಕಿ ಬಂದರು.

“ತಪ್ಪ ತಿಳಕೋಬ್ಯಾಡ್ರಿ ಮಾಸ್ತರ್ರ. ಇವರಿಗಿ ಮತ್ತ ಮಾಲಿ ಹಾಕೂದಿಲ್ಲಂತ ಅತ್ತಿ ನನ್ನ ಕಡಿಂದ ಆಣಿ ಮಾಡಿಸ್ಯಾಳ. ಒಮ್ಮಿ ಹಾಕಿದ್ದ ಸಾಕಂತ.”

ಫೋಟೋ ಪಡಸಾಲೆಯಲ್ಲಿ ಇರಲಿಲ್ಲ. ದೇವರ ಮನೆಯ ಬಾಗಿಲಲ್ಲೂ ಇರಲಿಲ್ಲ. ಅಡುಗೆಮನೆಯ ಎದುರು ಗೋಡೆಗೆ, ಒಲೆಯ ಕಡೆಗೆ ಮುಖ ಮಾಡಿ, ಬರಿಗೊರಳಲ್ಲಿ ನೇತಾಡುತ್ತಿತ್ತು. ನನ್ನನ್ನು ಊಟಕ್ಕೆ ಕೂರಿಸಿ ಆಕೆ ರೊಟ್ಟಿ ಬಡಿದರು, ಪಲ್ಯಕ್ಕೆ ಒಗ್ಗರಣೆ ಹಾಕಿದರು. ಬೆಳ್ಳುಳ್ಳಿಯ ಘಾಟು ಎದ್ದು ಗೋಡೆಯವರೆಗೆ ಹೋಯಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ತಿರುಗಿಯೂ ನೋಡದೆ, ದಿನಾ ಕೇಳುವವರ ಹಾಗೆ ಕೇಳಿದರು:

“ಬಂತೇನ್ರಿ ವಾಸ್ನಿ?”

ಮುಂದಿನ ಮಾತು ನನಗೆ ಬಾಯಿಪಾಠವಿತ್ತು. ಮಾತು ಬರುವುದು ತಡವಾದಾಗ ಹೇಳಿಕೊಡುವುದೇ ನಾನು ಆಯುಷ್ಯವಿಡೀ ಮಾಡಿದ ಕೆಲಸ. ತುಟಿಯವರೆಗೆ ಬಂದೂ ಬಿಟ್ಟಿತ್ತು. ಆದರೆ ಆ ಬಾಯಿಗೆ ಒಮ್ಮೆ ಬೇರೆಯವರ ದನಿ ಕೊಟ್ಟಾಗಿದೆ. ಇನ್ನೊಮ್ಮೆ ಕೊಡುವವನು ನಾನಾಗಬಾರದು. ಗೋಡೆಯ ಕಡೆ ನೋಡುತ್ತ, ಪಲ್ಯದಲ್ಲಿ ಉಪ್ಪು ಕಡಿಮೆಯಿದ್ದದ್ದನ್ನು ಹೇಳದೆ, ಊಟ ಮಾಡಿದೆ.